ಗುಂಡಿ ಭರಾಟೆ

ಅಂಗಿಗುಂಡಿ ಮಾಡುವ ಆ ಕಾರ್ಖಾನೆ ಎಂದರೆ ಮನೆಯ ಹಿಂದಿನ ಒಂದು ಉದ್ದನೆಯ ಕೋಣೆ, ಒಂದು ಅಚ್ಚಿನ ಯಂತ್ರ, ನಾಲ್ಕು ಜರಡಿ. ಯಂತ್ರ ಅತ್ತಿಗೆಯ ಸುಪರ್ದಿ, ಫೋನು ಮೈದುನನದು. ಅವನಿಗೆ ಬಾಯಿದ್ದಷ್ಟು ಕಿವಿ ಇರಲಿಲ್ಲ.

ಗುಂಡಿಗೆ ಕೊರತೆ ಬರುತ್ತದಂತೆ ಎಂದು ಯಾರು ಮೊದಲು ಅಂದರೋ, ಒಂದೇ ವಾರದಲ್ಲಿ ಫೋನಿಗೆ ಉಸಿರಾಡಲು ಪುರುಸೊತ್ತಿಲ್ಲದಂತಾಯಿತು. ತಿಂಗಳಿಗೊಂದು ಚೀಲ ಒಯ್ಯುತ್ತಿದ್ದ ಮೂಲೆಯಂಗಡಿಯ ದರ್ಜಿ ಮೂರು ಕೇಳಿದ. ಉಳಿದ ಹನ್ನೊಂದು ಅಂಗಡಿಯವರೂ ಹಾಗೇ.

"ಅತ್ತಿಗೆ, ಜನ ಈಗ ಒಂದರ ಮೇಲೊಂದು ಮೂರು ಅಂಗಿ ಹಾಕ್ತಾರೆ ಅನ್ಸುತ್ತೆ!" ಎಂದ ಮೈದುನ. ಅವನ ಕಾಲು ನೆಲದ ಮೇಲಿರಲಿಲ್ಲ.

ಅತ್ತಿಗೆಗೂ ತಲೆ ತಿರುಗಿತು. ಸುಳ್ಳೇಕೆ, ಹಿತವಾಗಿಯೇ ತಿರುಗಿತು. ಓರಗಿತ್ತಿಯ ಅಕ್ಕತಂಗಿಯರು, ಪಕ್ಕದ ಮನೆಯ ಗಂಡಹೆಂಡಿರು, ಬ್ಯಾಂಡಿನಲ್ಲಿ ಡೋಲು ಬಾರಿಸಿ ನಿವೃತ್ತನಾದ ಸೋದರಮಾವ, ಎಲ್ಲರೂ ಕೆಲಸಕ್ಕೆ ಬಂದರು. ಮಾವ ಜರಡಿ ಹಿಡಿದರೆ ಗುಂಡಿಗಳು ತಾಳಕ್ಕೆ ಕುಣಿಯುತ್ತಿದ್ದವು. ಸಂಬಳ ಕೈಗೆ ಬಿದ್ದೊಡನೆ ಎಲ್ಲರೂ ಹೊಸ ಅಂಗಿ ಹೊಲಿಸಿಕೊಂಡರು; ಅದನ್ನು ಕಂಡು ದರ್ಜಿ ಇನ್ನೂ ಎರಡು ಚೀಲ ಕೇಳಿದ. ಮೈದುನ ಎರಡನೇ ಯಂತ್ರ ತರಿಸಿದ. ಅದು ಒಳಗೆ ಬರಲೆಂದು ಬಾಗಿಲ ಚೌಕಟ್ಟನ್ನೇ ಕಿತ್ತರು.

ಯಂತ್ರ ಬಂದ ಮೂರನೇ ದಿನ ದರ್ಜಿಯ ಫೋನು: "ಸದ್ಯಕ್ಕೆ ಸಾಕು." ವಾರದೊಳಗೆ ಹನ್ನೆರಡೂ ಅಂಗಡಿಯವರದು ಅದೇ ಮಾತು. ಕೆಲಸಕ್ಕೆ ಬಂದವರನ್ನೆಲ್ಲ ಮನೆಗೆ ಕಳಿಸಬೇಕಾಯಿತು. ಮನೆಗೆ ಹೋದವರು ಅಂಗಿ ಹೊಲಿಸುವುದನ್ನು ಬಿಟ್ಟರು. ದರ್ಜಿಗೆ ಇದ್ದ ಗಿರಾಕಿಗಳೂ ಹೋದರು.

"ಗುಂಡಿ ಮಾಡ್ತಾ ಮಾಡ್ತಾ ನಾವೇ ಗುಂಡಿಗೆ ಬಿದ್ವಿ," ಎಂದು ಮೈದುನ ಗೋಡೆಗೆ ಮುಖ ಮಾಡಿ ಮಲಗಿದ.

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ನೇರ ದರ್ಜಿಯ ಅಂಗಡಿಗೇ ಹೋದಳು. ಅವನು ಸಂಕೋಚದಿಂದ ಕಪಾಟು ತೆರೆದ. ಡಬ್ಬಿಗಳಲ್ಲಿ ಗುಂಡಿ, ಬಕೆಟ್ಟಿನಲ್ಲಿ ಗುಂಡಿ, ಮಳೆ ಬೂಟಿನೊಳಗೂ ಗುಂಡಿ.

"ಬೇಕಿದ್ದದ್ದು ಒಂದು. ಮೂರು ಯಾಕೆ ಕೇಳಿದ್ರಿ?"

"ಮೂರು ಕೇಳಿದ್ರೆ ಒಂದಾದ್ರೂ ಸಿಗುತ್ತೆ ಅಂತ. ನೀವು ಮೂರೂ ಕೊಟ್ಬಿಡೋದಾ?"

ಅತ್ತಿಗೆಗೆ ನಗು ಬಂತು. ತಡೆದಷ್ಟೂ ಉಕ್ಕಿ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಳು. ದರ್ಜಿಯೂ ನಕ್ಕು ನಕ್ಕು ಅಳತೆಯ ಟೇಪಿನಲ್ಲಿ ಕಣ್ಣೊರೆಸಿಕೊಂಡ. ಉಳಿದ ಅಂಗಡಿಗಳನ್ನೂ ಸುತ್ತಿದಳು. ಎಲ್ಲೆಡೆ ಇದೇ ಕತೆ. ಹೆಚ್ಚಿದ್ದು ಅಂಗಿಯಲ್ಲ, ಭಯ. ಎಲ್ಲರೂ ಒಟ್ಟಿಗೆ ಹೆದರಿ ಗುಂಡಿ ಕೊಂಡರು, ಒಟ್ಟಿಗೆ ನಿಲ್ಲಿಸಿದರು. ಹಾಗಾದರೆ ಅವರ ಕಪಾಟುಗಳು ಒಟ್ಟಿಗೇ ಖಾಲಿಯೂ ಆಗಬೇಕಲ್ಲ!

ಮರುದಿನವೇ ಹೊಸ ಯಂತ್ರವನ್ನು ಬಾಟಲಿ ಮುಚ್ಚಳ ಮಾಡುವವರಿಗೆ ಬಾಡಿಗೆಗೆ ಬಿಟ್ಟಳು. ಆ ಬಾಡಿಗೆ ಹಣದ ಧೈರ್ಯದ ಮೇಲೆ ಎಲ್ಲರನ್ನೂ ವಾರಕ್ಕೆರಡು ದಿನದ ಕೆಲಸಕ್ಕೆ ವಾಪಸು ಕರೆದಳು. ಫೋನನ್ನೂ ತನ್ನ ಕಡೆ ಎಳೆದುಕೊಂಡಳು.

ಐದನೇ ತಿಂಗಳಲ್ಲಿ ಅದು ಬಡಿದುಕೊಂಡಿತು. "ಬೇಗ ನಾಲ್ಕು ಚೀಲ ಕಳಿಸಿ!" ದರ್ಜಿಗೆ ಏದುಸಿರು.

"ಗುಂಡಿ ಲೆಕ್ಕ ಬೇಡ. ಈ ತಿಂಗಳು ಎಷ್ಟು ಅಂಗಿ ಹೊಲಿದ್ರಿ, ಅದು ಹೇಳಿ."

ಅತ್ತ ಕಡೆ ಗೊಣಗಾಟ. "ಒಂದು ಚೀಲಕ್ಕಾಗೋವಷ್ಟು."

"ಒಂದೇ ಬರುತ್ತೆ. ಸ್ವಲ್ಪ ಗುಂಡಿಗೆ ಗಟ್ಟಿ ಮಾಡ್ಕೊಳ್ಳಿ!"

ಕೋಣೆ ಮತ್ತೆ ತುಂಬಿತು. ಒಂದು ಬೆಳಗ್ಗೆ ಮೈದುನ ಏದುತ್ತಾ ಓಡಿಬಂದ. "ಅತ್ತಿಗೆ, ಝಿಪ್ಪಿಗೆ ಕೊರತೆಯಂತೆ! ನಾವೂ ಝಿಪ್ಪು ಶುರು ಮಾಡೋಣ್ವಾ?"

ಅತ್ತಿಗೆ ನಕ್ಕ ರಭಸಕ್ಕೆ ಕೈಯಲ್ಲಿದ್ದ ಜರಡಿ ಜಾರಿತು. ಗುಂಡಿಗಳು ಕೋಣೆ ತುಂಬ ಉರುಳಿಕೊಂಡು ಓಡಿದವು, ಅವುಗಳ ಹಿಂದೆ ಎಲ್ಲರೂ.