ದೋಷ ಕಂಡುಬಂದಿಲ್ಲ

ಮೂರನೆಯ ಸಲವೂ ಅದೇ ಸೀಲು ಬಿದ್ದರೆ ಭಾವನ ಕೆಲಸ ಹೋಗುತ್ತದೆ. ಇಪ್ಪತ್ತೆಂಟು ವರ್ಷ ಗಾಡಿಯಲ್ಲಿ ಟೈಲ್ಸ್ ಹೊತ್ತು ತಿರುಗಿದ ಡ್ರೈವರನನ್ನು, ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ, ಬರಿಗೈಯಲ್ಲಿ ಗೇಟಿನಾಚೆ ನಿಲ್ಲಿಸಲು ಕಂಪನಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ರಬ್ಬರ್ ಸೀಲು, ಮೂರು ಒತ್ತು. ಎರಡು ಆಗಲೇ ಬಿದ್ದಿದ್ದವು. 'ದೋಷ ಕಂಡುಬಂದಿಲ್ಲ.'

ಒತ್ತುವವರು ವಾಹನ ವಿಭಾಗದ ಮ್ಯಾನೇಜರು. ವರ್ಕ್‌ಶಾಪಿನವರ ಬಾಯಲ್ಲಿ ಸೀಲು ಸಾಹೇಬರು. ಸೀಲನ್ನು ಮೇಜಿನ ಮೇಲೆ ಬಿಟ್ಟರೆ ಯಾರಾದರೂ ಅಧಿಕಾರವನ್ನೇ ಕದ್ದುಬಿಟ್ಟಾರೆಂದು ಇಂಕ್ ಪ್ಯಾಡಿನ ಸಮೇತ ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುವ ಮಹಾನುಭಾವರು. ಬ್ಯಾಟರಿ ಎಲ್ಲಿರುತ್ತದೆ ಎಂದು ಕೇಳಿದರೆ ಸ್ಟೋರಿನಲ್ಲಿ ಎನ್ನುವ ಪೈಕಿ.

ಎಲೆಕ್ಟ್ರಿಷಿಯನ್ ಹೆಂಗಸು ಹತ್ತೊಂಬತ್ತು ವರ್ಷದಿಂದ ಅದೇ ವರ್ಕ್‌ಶಾಪಿನಲ್ಲಿ ತಂತಿ ಹಿಡಿದಿದ್ದಳು. ಊರಿಗೆಲ್ಲ ಕರೆಂಟಮ್ಮ, ಈ ಡ್ರೈವರನಿಗೆ ಮಾತ್ರ ಹೆಂಡತಿಯ ತಂಗಿ. ಆದರೆ ಭಾವನ ಪಿಕಪ್ಪನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ಮುಟ್ಟುವಂತಿರಲಿಲ್ಲ. ಅಧಿಕಾರಿಗಳು ದೋಷವನ್ನು ಕಣ್ಣಾರೆ ಕಂಡು ಫಾರಂನಲ್ಲಿ ಬರೆಯುವ ತನಕ ಯಾರೂ ಸ್ಪ್ಯಾನರ್ ಎತ್ತಬಾರದು ಎನ್ನುವುದು ಕಂಪನಿಯ ಒಂಬತ್ತನೆಯ ನಿಯಮ. ಡಾಕ್ಟರು ರೋಗಿಯನ್ನು ನೋಡಬೇಕಾದರೆ ಮೊದಲು ಆಸ್ಪತ್ರೆಯ ಕಾವಲುಗಾರ ರೋಗವನ್ನು ಒಪ್ಪಬೇಕು ಎಂದ ಹಾಗೆ.

ಗಾಡಿಯ ಕಾಯಿಲೆಯೂ ಅಂಥದ್ದೇ. ಇಪ್ಪತ್ತು ವರ್ಷದ ಹಳೇ ಪಿಕಪ್. ಬೆಳಿಗ್ಗೆ ಲೋಡು ತುಂಬಿಕೊಂಡು ಹೊರಟದ್ದು ದಾರಿಯಲ್ಲಿ ಎಲ್ಲೋ ಒಂದು ಕಡೆ ಮೀಟರಿನ ಮುಳ್ಳುಗಳನ್ನು ದೊಪ್ಪನೆ ಬೀಳಿಸಿ, ಇಂಡಿಕೇಟರನ್ನು ಮಂಕಾಗಿ ಮಿಣುಕಿಸಿ, ಎಂಜಿನ್ ಆರಿಸಿಕೊಂಡು ನಿಲ್ಲುತ್ತಿತ್ತು. ಫೋನು ಮಾಡಿದರೆ ಇನ್ನೊಂದು ಗಾಡಿ ಬಂದು ಟೈಲ್ಸ್ ಪೆಟ್ಟಿಗೆಗಳನ್ನು ದಾಟಿಸಿಕೊಳ್ಳುತ್ತಿತ್ತು. ಆಮೇಲೆ ಕೀ ತಿರುಗಿಸಿದರೆ, ನಾಚಿಕೆಗೆಟ್ಟದ್ದು, ಒಂದೇ ಏಟಿಗೆ ಸ್ಟಾರ್ಟ್. ಪರೀಕ್ಷೆಗೆ ಬಂದಾಗಲಂತೂ ಕೇಳುವುದೇ ಬೇಡ. ಗಾಡಿಯನ್ನು ಖಾಲಿ ಮಾಡಿ, ತೊಳೆದು, ಒರೆಸಿ ತರಬೇಕು ಎಂಬುದು ಕಟ್ಟಪ್ಪಣೆ. ಸಾಹೇಬರ ಷೂಗೆ ಧೂಳು ಆಗಿಬರದು. ಆಫೀಸಿನ ಮೆಟ್ಟಿಲ ಮುಂದೆ ಐದು ನಿಮಿಷ ಎಂಜಿನ್ ಗುರುಗುಟ್ಟುವುದನ್ನು ಕೇಳಿ, ಸಂಗೀತಕ್ಕೆ ತಲೆದೂಗುವವರ ಹಾಗೆ ತಲೆದೂಗಿ, ಸೀಲು ಒತ್ತಿ ಒಳಗೆ ಹೋಗುತ್ತಿದ್ದರು.

ಮೂರನೆಯ ಪರೀಕ್ಷೆಯ ಹಿಂದಿನ ದಿನ, ಊಟದ ಹೊತ್ತಿಗೆ, ಭಾವ ಬಂದು ಅವಳ ಬೆಂಚಿನ ಮೇಲೆ ಕಂಪನಿಯ ನೋಟೀಸನ್ನೂ ಪರೀಕ್ಷೆಯ ಫಾರಮನ್ನೂ ಇಟ್ಟ. ಅವಳು ಕೈಯ ಗ್ರೀಸು ಒರೆಸಿಕೊಂಡು ನೋಟೀಸು ಓದಿದಳು.

'ಹೊರೆ ಇಳಿಸಿದ ತಕ್ಷಣವೇ ವಾಹನವು ಸರಾಗವಾಗಿ ಚಾಲನೆಗೊಳ್ಳುತ್ತಿರುವುದರಿಂದ, ಹೊರೆ ಇಳಿಸುವ ಶ್ರಮದಿಂದ ತಪ್ಪಿಸಿಕೊಳ್ಳಲು ಚಾಲಕನೇ ನಾಟಕವಾಡುತ್ತಿರುವುದು ಸ್ಪಷ್ಟವಾಗಿದೆ.'

ಅವಳಿಗೆ ನಗು ಬಂತು. "ಭಾವ, ಈ ಜನ ಜನ್ಮದಲ್ಲಿ ಮೊದಲ ಸಲ ಒಂದು ನಿಜ ಬರೆದಿದಾರೆ. ಬರೆದದ್ದು ಅವರಿಗೇ ಗೊತ್ತಾಗಿಲ್ಲ."

"ನಗಬೇಡ್ವೇ. ನಿಮ್ಮಕ್ಕನಿಗೆ ಇನ್ನೂ ಹೇಳಿಲ್ಲ ನಾನು."

"ಖಾಲಿ ಬರುವಾಗ ಯಾವತ್ತಾದ್ರೂ ನಿಂತಿದೆಯಾ?"

"ಇಲ್ಲ."

"ಯೋಚನೆ ಮಾಡಿ ಹೇಳಿ."

"ಇಲ್ಲ ಅಂದ್ನಲ್ಲ. ತುಂಬಿದಾಗ್ಲೇ ನಿಲ್ಲೋದು. ಹಂಪು ದಾಟಿದ ಮೇಲೆ, ಇಲ್ಲಾ ಗುಂಡಿಗೆ ಬಿದ್ದು ಎದ್ದ ಮೇಲೆ."

"ಇದನ್ನ ಅವರಿಗೆ ಹೇಳಿದ್ರಾ?"

"ಮೊದಲನೇ ಕಂಪ್ಲೇಂಟಲ್ಲೇ ಬರೆದಿದ್ದೆ. ಫಾರಂನಲ್ಲಿ ಒಂದೇ ಗೆರೆ ಜಾಗ ಇರೋದು ಅಂತ ಕ್ಲರ್ಕು ಉಳಿದದ್ದನ್ನ ಹೊಡೆದು ಹಾಕಿದ."

"ನೀವು ನೋಡ್ತಾ ನಿಂತಿದ್ರಿ."

"ಮತ್ತೇನು, ಆಫೀಸಲ್ಲಿ ನಿಂತು ಜಗಳ ಆಡ್ಲಾ?"

ಆಡಬೇಕಿತ್ತು ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಯಾರು ಕೂಗಿದರೂ "ಬಂದೆ ಸಾರ್" ಎನ್ನುವ ಈ ಮನುಷ್ಯನ ವಿನಯ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಕ್ಕನ ಮುಖ ನೆನಪಾಯಿತು.

ಲೋಡು ಹಾಕಿ ಅಧಿಕಾರಿಗಳ ಮುಂದೆ ಓಡಿಸಿದರೆ ಬಣ್ಣ ಬಯಲಾಗುತ್ತದೆ, ಅಷ್ಟೇ. ಅವಳು ನೇರ ಗೋಡೌನಿಗೆ ಹೋಗಿ ಒಂದು ಟನ್ ಟೈಲ್ಸ್ ಕೇಳಿದಳು.

"ಆಗಲ್ಲ ಕಣಮ್ಮ," ಎಂದ ಗೋಡೌನಿನವನು. "ಸಂಶಯದ ಗಾಡಿಗೆ ಮಾಲು ಹಾಕಬಾರದು ಅಂತ ಆರ್ಡರು. ದೋಷ ಇಲ್ಲ ಅಂತ ಸೀಲು ಹಾಕಿಸಿಕೊಂಡು ಬಾ, ಎಷ್ಟು ಬೇಕಾದ್ರೂ ಹಾಕ್ತೀನಿ."

ದೋಷ ಇಲ್ಲವೆಂದು ಬರೆಸಿಕೊಂಡರೆ ದೋಷ ತೋರಿಸಲು ಲೋಡು ಸಿಗುತ್ತದೆ. ಇಂಥ ಬುದ್ಧಿ ಒಬ್ಬನ ತಲೆಯಲ್ಲಿ ಹುಟ್ಟಲಾರದು. ಹತ್ತು ಜನ ಕುರ್ಚಿ ಎಳೆದುಕೊಂಡು ಕೂತು, ಟೀ ಕುಡಿದು ಹೆತ್ತಿರಬೇಕು. ಬೆಂಚಿಗೆ ಮರಳಿ ಅವಳು ಫಾರಮನ್ನು ತಿರುಗಿಸಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿದ್ದ ನಿಯಮಗಳನ್ನು ಓದತೊಡಗಿದಳು. ಬರೆಸಿದವರೂ ಓದಿರದ ಆ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: 'ಪರೀಕ್ಷಾ ಸಮಿತಿಯ ಎಲ್ಲ ಸದಸ್ಯರೂ ವಾಹನದಲ್ಲಿದ್ದು ಚಾಲನೆಯನ್ನು ಖುದ್ದಾಗಿ ಪರಿಶೀಲಿಸತಕ್ಕದ್ದು.'

ಸಮಿತಿಯಲ್ಲಿ ಎಂಟು ಜನ. ಕುರ್ಚಿಯಲ್ಲೇ ಬೆಳೆದ ಮೈಗಳು. ಒಂದು ಟನ್ ಆಗದಿದ್ದರೂ ಲೋಡಂತೂ ಹೌದು.

ಮರುದಿನ ಹನ್ನೊಂದು ಗಂಟೆಗೆ, ತೊಳೆದ ಪಿಕಪ್ಪು ಮೆಟ್ಟಿಲ ಮುಂದೆ ಮಿರಿಮಿರಿ ಮಿಂಚುತ್ತ ನಿಂತಿತ್ತು. ಹೋದ ವರ್ಷ ಡೈರೆಕ್ಟರು ಬರುತ್ತಾರೆಂದು ಸೀಲು ಸಾಹೇಬರು ಎರಡೇ ದಿನದಲ್ಲಿ ಹನ್ನೆರಡು ಗಾಡಿಗಳಿಗೂ ಕೆನೆಬಣ್ಣ ಬಳಿಸಿದ್ದರು. ಇವತ್ತಿಗೂ ಅದೇ ಅವರ ದೊಡ್ಡ ಸಾಧನೆ. ಅವರು ಜೇಬಿನಿಂದ ಸೀಲು ತೆಗೆಯುತ್ತಿದ್ದಂತೆ ಕರೆಂಟಮ್ಮ ಫಾರಮನ್ನು ಅವರ ಮೂಗಿನ ಹತ್ತಿರ ಹಿಡಿದಳು.

"ಹತ್ತಿ ಸಾರ್."

"ಎಲ್ಲಿಗೆ?"

"ಗಾಡಿಗೆ. ನೀವು ಮುಂದೆ, ಉಳಿದ ಸಾಹೇಬ್ರುಗಳು ಹಿಂದೆ. ನಿಮ್ಮದೇ ರೂಲು."

"ಹೋದ ಎರಡು ಸಲ ಹತ್ತಲಿಲ್ಲವಲ್ಲ."

"ಅದೇ ನಂಗೂ ಭಯ ಸಾರ್. ಆ ಎರಡೂ ಸೀಲು ನಡೆಯಲ್ಲ ಅಂತ ಯಾರಾದ್ರೂ ಕೋರ್ಟಿಗೆ ಹೋದ್ರೆ ನಿಮ್ಮ ಹೆಸರೇ ತಾನೇ ಬರೋದು? ನಿಮ್ಮ ಒಳ್ಳೇದಕ್ಕೆ ಹೇಳಿದೆ."

ಕೋರ್ಟು ಎಂದದ್ದೇ ತಡ, ಏಳು ಜನಕ್ಕೆ ಕಾಲು ಬಂತು. ಸ್ಟೂಲು ತರಿಸಿ, ಒಬ್ಬರನ್ನೊಬ್ಬರು ತಳ್ಳಿ, ಕರವಸ್ತ್ರ ಹಾಸಿ, ಟೈ ಹಿಡಿದುಕೊಂಡು ಹಿಂದೆ ಹತ್ತಿದರು. ಕರೆಂಟಮ್ಮನೂ ಟೂಲ್ ಬ್ಯಾಗಿನೊಂದಿಗೆ ಅವರ ನಡುವೆ ನಿಂತಳು. ಭಾವ ಗೇರು ಹಾಕಿದ.

ಗೇಟಿನ ಹಂಪು ದಾಟಿತು. ಗಾಡಿ ನಿಲ್ಲಲಿಲ್ಲ. ವೃತ್ತದ ಹಂಪು ದಾಟಿತು. ನಿಲ್ಲಲಿಲ್ಲ. ಇದು ಮೂರನೆಯ ಸೀಲು. ತೂಕ ಸಾಲದೆ ಹೋದರೆ ಭಾವನನ್ನು ತಾನೇ ಕೈಯಾರೆ ದೂಡಿದಂತೆ. ಅಷ್ಟರಲ್ಲಿ ರಸ್ತೆ ಬಿಸಿಲಿಗೆ ತಿರುಗಿತು. ಏಳು ಜನವೂ ಬಿಸಿಲು ತಡೆಯಲಾರದೆ ಕ್ಯಾಬಿನ್ನಿನ ನೆರಳು ಬಿದ್ದ ಎಡಮೂಲೆಗೆ ಕುರಿಗಳ ಹಾಗೆ ಒತ್ತಿಕೊಂಡರು. ಗಾಡಿ ಎಡಕ್ಕೆ ವಾಲಿತು. ಮುಂದಿನ ಗುಂಡಿಯಲ್ಲಿ ಚಕ್ರ ಇಳಿದು ಎದ್ದಿತು, ಎಂಜಿನ್ ಬಿಕ್ಕಿ ಸತ್ತಿತು.

"ಯಾರೂ ಇಳೀಬೇಡಿ," ಎಂದು ಅವಳು ತಾನು ಮಾತ್ರ ಹಾರಿದಳು. "ಇಳಿದ್ರೆ ದೋಷ ಓಡಿಹೋಗತ್ತೆ."

ಕ್ಯಾಬಿನ್ನಿನಲ್ಲಿ ಸೀಲು ಸಾಹೇಬರು ಬಿದ್ದುಹೋದ ಮುಳ್ಳುಗಳನ್ನು ನೋಡುತ್ತ ಕೂತಿದ್ದರು. ಅವಳು ಬಾಗಿಲು ತೆಗೆದು ಅವರನ್ನು ಕೆಳಗಿಳಿಸಿ ಟೆಸ್ಟ್ ಲ್ಯಾಂಪ್ ತೋರಿಸಿದಳು: ತಂತಿಯ ತುದಿಗೆ ಕಟ್ಟಿದ ಪುಟ್ಟ ಬಲ್ಬು. ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಛಾಸಿಗೆ, ತಾಗಿಸಿದಳು. ಬಲ್ಬು ಹೊತ್ತಿತು. ಕ್ಯಾಬಿನ್ನಿಗೆ ತಾಗಿಸಿದಳು. ಹೊತ್ತಲಿಲ್ಲ.

"ಈಗ ಹಿಂದಿನೋರೆಲ್ಲ ಇಳೀರಿ."

ಇಳಿದರು. ಬಲ್ಬು ಹೊತ್ತಿತು.

"ಹತ್ತಿ. ಅದೇ ಮೂಲೆಗೆ."

ಹತ್ತಿದರು. ಆರಿತು. ಅವಳು ಮೂರು ಸಲ ಹತ್ತಿಸಿ ಇಳಿಸಿದಳು. ಎರಡು ಸಲ ಸಾಕಾಗಿತ್ತು. ಮೂರನೆಯದು ಫಾರಂನಲ್ಲಿ ಹೊಡೆದುಹಾಕಿದ ಆ ಸಾಲಿಗಾಗಿ. ಕೊನೆಗೆ ಮತ್ತೆ ಹತ್ತಿಸಿ, ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಿದ್ದ ಸುರಕ್ಷತಾ ಅಧಿಕಾರಿಯೂ ಸೇರಿ ಏಳು ಜನರನ್ನೂ ಮೂಲೆಯಲ್ಲೇ ಇರಲು ಹೇಳಿ, ಅವಳು ಕ್ಯಾಬಿನ್ನಿನ ಕೆಳಗೆ ಬಾಗಿ ಬೆರಳು ತೋರಿಸಿದಳು. ಛಾಸಿಯಿಂದ ಕ್ಯಾಬಿನ್ನಿಗೆ ಬರುವ ಅರ್ಥಿಂಗ್ ಪಟ್ಟಿ, ಕರೆಂಟು ಬ್ಯಾಟರಿಗೆ ಮರಳುವ ದಾರಿ, ಅಲ್ಲಿತ್ತು. ಭಾರ ಬಿದ್ದು ಗಾಡಿಯ ಮೈ ತಿರುಚಿಕೊಂಡಾಗ ಪಟ್ಟಿ ಕೂದಲೆಳೆಯಷ್ಟು ಸರಿಯುತ್ತಿತ್ತು. ಅದು ಸರಿದರೆ ಕ್ಯಾಬಿನ್ನಿನೊಳಗಿನ ಕರೆಂಟೆಲ್ಲ ಅನಾಥ, ಎಂಜಿನ್ನಿಗೆ ಡೀಸೆಲ್ ಬಿಡುವ ರಿಲೇಯೂ ಸೇರಿ.

ಸಾಹೇಬರು ಫಾರಂ ತೆಗೆದು ಬರೆದರು. ಅವಳು ಭುಜದ ಮೇಲಿಂದ ಓದಿದಳು: 'ಚಾಲಕನ ನಿರ್ಲಕ್ಷ್ಯದಿಂದ ಪಟ್ಟಿ ಸಡಿಲಗೊಂಡು...'

"ಸಡಿಲ ಆಗಿಲ್ಲ ಸಾರ್. ಬೋಲ್ಟು ಬಿಗಿಯಾಗೇ ಇದೆ. ಅಡಿಯಲ್ಲಿ ಇದಿದೆ." ಅವಳು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದು, ಅಂಟಿದ್ದ ಕೆನೆಬಣ್ಣದ ಚಕ್ಕೆಯನ್ನು ಅವರ ಫಾರಂನ ಮೇಲಿಟ್ಟಳು. "ಡೈರೆಕ್ಟರಿಗೆ ಚಂದ ಕಾಣ್ಲಿ ಅಂತ ಪಟ್ಟಿ ಬಿಚ್ಚಿ, ಕಬ್ಬಿಣಕ್ಕೂ ಬಣ್ಣ ಬಳಿದು, ಅದರ ಮೇಲೆ ಮತ್ತೆ ಬಿಗಿದಿದಾರೆ. ಬಣ್ಣದ ಮೂಲಕ ಕರೆಂಟು ಹರಿಯಲ್ಲ. ಯಾರು ಬಳಿಸಿದ್ದು ಅಂತ ಬರೀರಿ."

"ಮೊದಲು ರಿಪೇರಿ ಮಾಡು. ಆಫೀಸಿಗೆ ಹೋಗಿ ನೋಡೋಣ."

ಕರೆಂಟಮ್ಮ ಸ್ಪ್ಯಾನರನ್ನು ಬ್ಯಾಗಿನೊಳಗಿಟ್ಟು ಬ್ಯಾಗಿನ ಮೇಲೆ ಕೂತಳು. "ಒಂಬತ್ತನೇ ರೂಲು ಸಾರ್. ದೋಷ ಸರಿಯಾಗಿ ಬರೆಯೋ ತನಕ ನಾನು ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಆ ರೂಲು ಮುರಿದಿಲ್ಲ."

ರಸ್ತೆಯಲ್ಲಿ ಹೋಗುವವರು ನಿಂತು, ಪಿಕಪ್ಪಿನ ಮೂಲೆಯಲ್ಲಿ ಒತ್ತಿಕೊಂಡಿದ್ದ ಟೈಗಳನ್ನು ನೋಡತೊಡಗಿದರು. ಮೇಲಿನಿಂದ ಸುರಕ್ಷತಾ ಅಧಿಕಾರಿಯ ದನಿ ಬಂತು: "ಬರೆದು ಸಾಯಿರಿ ಸಾರ್. ಬಿಸಿಲು."

ಬರೆದರು. 'ಕಚೇರಿಯ ಆದೇಶದಂತೆ ಬಳಿದ ಬಣ್ಣದಿಂದ ದೋಷ. ಚಾಲಕನ ತಪ್ಪಿಲ್ಲ.' ಸೀಲಿಗಾಗಿ ಜೇಬಿಗೆ ಕೈ ಹಾಕಿ ಹಾಗೇ ನಿಂತರು. ದೋಷ ಕಂಡುಬಂದಿದೆ ಎನ್ನುವ ಸೀಲನ್ನು ಆ ಕಂಪನಿ ಹುಟ್ಟಿದಾಗಿನಿಂದ ಯಾರೂ ಮಾಡಿಸಿಯೇ ಇರಲಿಲ್ಲ. ಕೈಯಲ್ಲೇ ಸಹಿ ಹಾಕಿದರು, ಸ್ಲೇಟಿನ ಮೇಲೆ ಮೊದಲ ಸಲ ತಿದ್ದುವವರ ಹಾಗೆ. ಉಳಿದ ಏಳು ಜನ ಮೇಲೆ ನಿಂತೇ ಹಾಕಿದರು. ಎಂಟು ಸಹಿಗಳನ್ನೂ ಎಣಿಸಿ, ಫಾರಂ ಮಡಚಿ ರವಿಕೆಯೊಳಗಿಟ್ಟುಕೊಂಡ ಮೇಲೆ ಅವಳು ಬೋಲ್ಟು ಬಿಚ್ಚಿದಳು, ಅರದಿಂದ ಬಣ್ಣ ಕೆರೆದು ಕಬ್ಬಿಣ ಬೆಳ್ಳಗೆ ಹೊಳೆಯುವಂತೆ ಮಾಡಿ ಪಟ್ಟಿ ಬಿಗಿದಳು. ಹತ್ತು ನಿಮಿಷದ ಕೆಲಸ. ಗಾಡಿ ಏಳು ಜನರನ್ನು ಹೊತ್ತುಕೊಂಡೇ ಸ್ಟಾರ್ಟ್ ಆಯಿತು.

ಅಧಿಕಾರಿಗಳು ಮತ್ತೆ ಅದರಲ್ಲಿ ಕೂರಲು ಒಪ್ಪಲಿಲ್ಲ. ಧೂಳಿನಲ್ಲಿ ಸಾಲಾಗಿ ಆಫೀಸಿನ ಕಡೆ ನಡೆದರು. ಭಾವ ಕೆಳಗಿಳಿದು, ಹೋಗುತ್ತಿದ್ದ ಸೀಲು ಸಾಹೇಬರ ಬೆನ್ನಿಗೆ ಕೈ ಮುಗಿದ.

"ಕೈ ಇಳಿಸಿ ಭಾವ," ಎಂದಳು ಅವಳು. "ಕೆಲಸ ಉಳಿಸಿದ್ದು ಆ ಬೆನ್ನಲ್ಲ."

"ಅಭ್ಯಾಸ ಕಣೆ."

"ಅಕ್ಕನಿಗೆ ಹೇಳೋವಾಗ ಇದೊಂದನ್ನ ಬಿಟ್ಟು ಹೇಳಿ."

ಗಾಡಿ ಹೊರಟು ಆ ಸಾಲಿನ ಹಿಂದೆ ಬಂದಾಗ ಭಾವ ಎಂದಿನಂತೆ ವೇಗ ತಗ್ಗಿಸಿ, ಸಾಹೇಬರು ತಾವಾಗಿಯೇ ಸರಿಯಲೆಂದು ಕಾದ. ಅವಳು ಪಕ್ಕದ ಸೀಟಿನಿಂದ ಕೈ ಚಾಚಿ ಹಾರ್ನಿನ ಮೇಲೆ ಅಂಗೈ ಒತ್ತಿದಳು. ಎಂಟೂ ಜನ ರಸ್ತೆ ಬದಿಗೆ ಹಾರಿದರು. ಹಾರ್ನು ಎಲ್ಲಿಯೂ ಕಡಿಯಲಿಲ್ಲ.