ಅಂಜಿನಕ್ಕನ ಕುರ್ಚಿ ಕಸರತ್ತು

ಹಡಗಲಿ ಬಸ್ ಸ್ಟ್ಯಾಂಡಿನ ಗೇಟಿನ ಹತ್ತಿರ ಇಪ್ಪತ್ತೆಂಟು ವರ್ಷದಿಂದ ಮಲ್ಲಿಗೆ ಮಾರುತ್ತಿದ್ದ ಅಂಜಿನಕ್ಕ ಒಂದು ಬೆಳಿಗ್ಗೆ ಹಾಸಿದ ಚೀಲದ ಮೇಲಿಂದ ಏಳಲು ಹೋಗಿ ಅರ್ಧಕ್ಕೇ ನಿಂತುಬಿಟ್ಟಳು. ಮೇಲೂ ಇಲ್ಲ, ಕೆಳಗೂ ಇಲ್ಲ. ಪಕ್ಕದಲ್ಲಿ ಹೂ ಮಾರುವ ಶಿವಮ್ಮ ರಟ್ಟೆ ಹಿಡಿದು ಎತ್ತಬೇಕಾಯಿತು. ಎತ್ತಿ ಸುಮ್ಮನಿರುವ ಹೆಂಗಸೇ ಅವಳು?

“ಅಂಜಿನಕ್ಕಾ, ನಾಳಿಂದ ಒಂದು ಜೆಸಿಬಿಗೆ ಹೇಳಿ ಇಟ್ಟಿರ್ತೀನಿ ನೋಡು!”

ಬಸ್ಸಿನ ಕಂಡಕ್ಟರುಗಳೂ ನಕ್ಕರು. ಅಂಜಿನಕ್ಕನೂ ನಕ್ಕಳು, ಆದರೆ ಮನಸ್ಸಿಗೆ ಚುರುಕ್ ಎಂದಿತು. ಅರವತ್ತೆರಡಕ್ಕೇ ಹೀಗಾದರೆ ಮುಂದೆ ಹೇಗೆ?

ಮರುದಿನ ಆಸ್ಪತ್ರೆಗೆ ಹೋದಳು. ಡಾಕ್ಟ್ರಮ್ಮ ಮೊಣಕಾಲು ಮಡಿಸಿ, ಚಾಚಿ ನೋಡಿದರು. “ಕೀಲು ಚೆನ್ನಾಗೇ ಇದೆ, ತೊಡೇಲಿ ಶಕ್ತಿ ಇಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತ್ಕೊಳ್ಳಿ. ಗೋಡೆಗೆ ಕೈ ಕೊಟ್ಟು ಹತ್ತು ಸಲ ತಳ್ಳಿ. ದಿನ ಬಿಟ್ಟು ದಿನ, ಅಷ್ಟೇ.”

ಗುಳಿಗೆಯಿಲ್ಲ, ಒಂದು ಸೂಜಿ ಕೂಡ ಇಲ್ಲ. ಇಷ್ಟಕ್ಕೆ ಸಾಲಿನಲ್ಲಿ ಒಂದು ತಾಸು ನಿಂತೆನಲ್ಲ ಎಂದು ಅಂಜಿನಕ್ಕನಿಗೆ ಮೋಸ ಹೋದಂತಾಯಿತು.

ಆದರೂ ಸಂಜೆ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಳು. ಎಣಿಸುವ ಜವಾಬ್ದಾರಿಯನ್ನು ಗಂಡ ಚೌಡಣ್ಣ ಮಂಚದ ಮೇಲೆ ಒರಗಿಕೊಂಡೇ ಹೊತ್ತುಕೊಂಡ.

“ಐದು... ಆರು... ಏಳು... ಏಳು... ಏಳು...”

“ಏಳು ಯಾವಾಗೋ ಆತಲ್ರೀ!” ಅಂಜಿನಕ್ಕ ಏದುಸಿರು ಬಿಟ್ಟಳು.

“ನಾ ಲೆಕ್ಕದ ಏಳು ಅನ್ನಲಿಲ್ಲಬೇ. ಎದ್ದೇಳು ಅಂದೆ.”

ಮೊದಲ ವಾರ ಆರಕ್ಕೇ ತೊಡೆ ನಡುಗುತ್ತಿತ್ತು. ಮೂರನೆಯ ವಾರ ಹತ್ತು ಮುಟ್ಟಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ತುಂಬಿದ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಚೀಲದ ಮೇಲಿಂದ ಸಲೀಸಾಗಿ ಎದ್ದಳು. ಶಿವಮ್ಮನ ಕೈಯಲ್ಲಿದ್ದ ಹೂವಿನ ದಾರ ಅಲ್ಲೇ ನಿಂತಿತು.

“ಯಾವ ಟಾನಿಕ್ ಕುಡಿಯಾಕ ಹತ್ತೀಯವಾ? ನನ್ನ ಮುಂದನೂ ಮುಚ್ಚಿಡ್ತೀಯೇನು?”

“ಟಾನಿಕ್ಕಿಲ್ಲ ಏನಿಲ್ಲ. ಕುರ್ಚಿ ಐತಿ. ಸಂಜಿಗೆ ಮನಿಗೆ ಬಾ.”

ಶಿವಮ್ಮ ಅಂಜಿನಕ್ಕನಿಗಿಂತ ಐದು ವರ್ಷ ಸಣ್ಣವಳು, ಅದು ಅವಳಿಗೆ ಸದಾ ನೆನಪಿರುತ್ತಿತ್ತು. “ಇಷ್ಟೇನಾ?” ಎಂದು ಸೆರಗು ಸಿಕ್ಕಿಸಿ ಶುರು ಹಚ್ಚಿಕೊಂಡಳು. ಹತ್ತಾಯಿತು, ಇಪ್ಪತ್ತಾಯಿತು. “ಸಾಕು ಬಿಡಬೇ, ನಾಳಿ ಗೊತ್ತಾಗ್ತೈತಿ” ಎಂದು ಅಂಜಿನಕ್ಕ ಬೇಡಿಕೊಂಡರೂ ಕೇಳಲಿಲ್ಲ. ಚೌಡಣ್ಣ ಎದ್ದು ಕೂತು, ಒಂದೂ ತಪ್ಪದೆ ಮೂವತ್ತರವರೆಗೆ ಎಣಿಸಿದ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಶಿವಮ್ಮ ಇಲ್ಲ. ಅಂಜಿನಕ್ಕ ಅವಳ ಮನೆಗೆ ಹೋಗಿ ನೋಡಿದರೆ, ಬಾಗಿಲ ಮುಂದಿನ ಮೂರು ಮೆಟ್ಟಿಲನ್ನು ಶಿವಮ್ಮ ಕೂಸಿನಂತೆ ಕೂತುಕೊಂಡೇ ಇಳಿಯುತ್ತಿದ್ದಳು. ನಡುವಿನ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡಿದ್ದಳು. ಕಟ್ಟಿದ ಮಾಲೆ ಬುಟ್ಟಿಯಲ್ಲಿ ಹಾಗೇ ಇತ್ತು.

“ನಗಬ್ಯಾಡ ನೀನು,” ಎಂದಳು ಶಿವಮ್ಮ.

“ಎಲ್ಲಿ ನಕ್ಕೀನಿ?” ಎಂದ ಅಂಜಿನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಾಗೇ ಅವಳ ಬುಟ್ಟಿಯನ್ನೂ ಎತ್ತಿಕೊಂಡು ಹೊರಟಳು. ಗಿರಾಕಿ ಬಂದಂತೆ ಮೊದಲು ಶಿವಮ್ಮನ ಹೂವನ್ನೇ ಕೊಟ್ಟಳು.

ಸಂಜೆ ಖಾಲಿ ಬುಟ್ಟಿ ಮುಟ್ಟಿಸಲು ಹೋದಾಗ ಶಿವಮ್ಮ ತೊಡೆಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದಳು. ಬುಟ್ಟಿಯ ಕಡೆ ನೋಡಲೇ ಇಲ್ಲ.

“ನಾಳಿ ಎಷ್ಟು ಗಂಟೆಗೆ ಬರ್ಲಿ?”

ಅಂಜಿನಕ್ಕ ಅವಳ ಪಕ್ಕ ನೆಲದ ಮೇಲೆ ಕೂತು, ಅಂಗೈಗೆ ಎಣ್ಣೆ ಸುರಿದುಕೊಂಡಳು. “ನಾಡಿದ್ದು ಬಾ ಬೇ. ಹತ್ತು ಸಲಕ್ಕ ನಿಲ್ಲಸ್ತೀನಿ ಅಂತ ಮಾತು ಕೊಟ್ರ ಮಾತ್ರ.”

ಶಿವಮ್ಮ ಹೂವಿನ ಚೌಕಾಸಿಗೆ ಕೂತವಳಂತೆ ಮೊಣಕೈ ಊರಿ ತಲೆ ಎತ್ತಿದಳು.

“ಹನ್ನೆರಡು,” ಎಂದಳು.