ಚೊಕ್ಕಮ್ಮನ ಕೈ

ಪ್ರಯೋಗಾಲಯದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಗಾಜಿನ ತಟ್ಟೆಗಳನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಅವುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿಕೊಡುತ್ತಿದ್ದ ಆಕೆ ಎಲ್ಲರಿಗೂ ಚೊಕ್ಕಮ್ಮ. ಆ ಹೆಸರಿಟ್ಟವರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಹನ್ನೊಂದು ವರ್ಷದ ಹಿಂದೆ, ಕೈ ಚೊಕ್ಕವಿಲ್ಲವೆಂದು ಆಕೆಯನ್ನು ಮನೆಗೆ ಕಳಿಸಿದವರೂ ಅವರೇ.

ಮೇಡಂ ಸಾಕಿದ್ದ ಬ್ಯಾಕ್ಟೀರಿಯಾ ಆಹಾರ ಮುಗಿದರೆ ಗಟ್ಟಿ ಚಿಪ್ಪಿನೊಳಗೆ ಮುದುಡಿ ಬೀಜಕವಾಗಿ ಮಲಗಿಬಿಡುತ್ತದೆ. ಆಮೇಲೆ ಕುದಿನೀರಿಗೂ ಜಗ್ಗುವುದಿಲ್ಲ. ಒಂದೇ ಕೋಶದ ಸಂತಾನವೆಂದ ಮೇಲೆ ಎಲ್ಲವೂ ಹಾಗೇ ಮಲಗಬೇಕು ತಾನೇ? ಒಂದೆರಡು ಹಿಂದೆ ಬಿದ್ದರೆ ಸರಿ. ಆದರೆ ಅಂದು ಚೊಕ್ಕಮ್ಮನ ತಟ್ಟೆಗಳಲ್ಲಿ ಪ್ರತಿ ಸಲವೂ ಅರ್ಧಕ್ಕರ್ಧ ಎಚ್ಚರವಾಗಿಯೇ ಇರುತ್ತಿದ್ದವು. ಮೇಡಮ್ಮಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಬೇರೆ ತಳಿ ಬೆರೆತಿದೆ. ಇದು ನಿಮ್ಮ ಕೈಯ ಕೆಲಸಾನೇ," ಎಂದುಬಿಟ್ಟರು, ಎಲ್ಲರೆದುರಿಗೆ.

"ಇಲ್ಲ ಮೇಡಂ. ಒಂದೇ ಕೋಶದಿಂದ ಬೆಳೆದ ಚುಕ್ಕೆಯಿಂದ ತೆಗೆದದ್ದು. ಇನ್ನೊಂದೇ ಸಲ ನೋಡಿ."

ಮೇಡಂ ನೋಡಲಿಲ್ಲ. ಅಷ್ಟೂ ತಟ್ಟೆಗಳನ್ನು, ಬೀಜಕವೂ ಉಳಿಯದಂಥ ಒತ್ತಡದ ಹಬೆಗೆ ಹಾಕಿಸಿದರು. ಅಲ್ಲಿಗೆ ಸಾಕ್ಷಿಯೂ ಬೆಂದುಹೋಯಿತು.

ಮೊನ್ನೆ ಹೊಸ ಸೂಕ್ಷ್ಮದರ್ಶಕ ಬಂತು, ಕ್ಯಾಮೆರಾ ಸಮೇತ. ಮೇಡಂ ಅದೇ ಬ್ಯಾಕ್ಟೀರಿಯಾದ ಒಂಟಿ ಕೋಶವೊಂದನ್ನು ಅದರಡಿ ಇಟ್ಟರು. ಅದು ಒಡೆದು ಎರಡಾಯಿತು. ಆಹಾರ ನಿಲ್ಲಿಸಿದರು. ಒಂದು ಬೀಜಕವಾಯಿತು, ಇನ್ನೊಂದು ಆಗಲೇ ಇಲ್ಲ. ಹೊರಗಿನದು ಬೆರೆಯಲು ಅಲ್ಲಿ ಜಾಗವೇ ಇರಲಿಲ್ಲ. ಬೀಜಕವಾಗಲು ಚಾಲನೆ ಕೊಡುವ ಒಂದು ಪ್ರೋಟೀನು ಈ ಸೋದರಿ ಕೋಶದೊಳಗೆ ಚೂರು ಹೆಚ್ಚು, ಆ ಸೋದರಿಯೊಳಗೆ ಚೂರು ಕಮ್ಮಿ, ಅದೂ ಆಕಸ್ಮಿಕವಾಗಿ. ಇಷ್ಟೇ ವಿಷಯ. ಮೇಡಮ್ಮಿಗೆ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ವಿಳಾಸ ಹುಡುಕಿಕೊಂಡು ಹೋದರು. ಮೂರನೇ ಮಹಡಿ, ಕಿರಿದಾದ ಅಡುಗೆಮನೆ. ಬಾಗಿಲು ತೆಗೆದ ಚೊಕ್ಕಮ್ಮನಿಗೆ ಕೂದಲೆಲ್ಲ ನೆರೆತಿತ್ತು. ಮೇಡಂ ಒಳಗೆ ಬಂದವರೇ ಹೇಳಿದರು:

"ಅವತ್ತು ಏನೂ ಬೆರೆತಿರಲಿಲ್ಲ ಚೊಕ್ಕಮ್ಮ. ನಿಮ್ಮ ಕೈ ಸರಿಯಾಗೇ ಇತ್ತು. ತಪ್ಪು ನಂದು. ನನ್ನನ್ನ ಕ್ಷಮಿಸಿ."

ಚೊಕ್ಕಮ್ಮ ಕುರ್ಚಿ ಎಳೆದು ಅವರ ಮುಂದಿಟ್ಟಳು.

"ಹೌದಾ ಮೇಡಂ? ನಾನೇ ಎಲ್ಲೋ ಎಡವಿದೀನಿ ಅಂದ್ಕೊಂಡಿದ್ದೆ. ಅಷ್ಟು ಓದಿದೋರು ಸುಮ್ಸುಮ್ನೆ ಹೇಳ್ತಾರಾ ಅಂತ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾಗಿಲು ಮುಖಕ್ಕೆ ಬಡಿದಿದ್ದರೂ ಸರಿಯೇ. ಮೇಡಂ ತಲೆ ತಗ್ಗಿಸಿ ಕುಳಿತರು.

"ಇರಿ, ಟೀ ಮಾಡ್ತೀನಿ," ಎಂದು ಚೊಕ್ಕಮ್ಮ ಲೋಟ ತೊಳೆಯತೊಡಗಿದಳು. ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ತೊಳೆದಳು. ಮತ್ತೆ ಹಿಡಿದು ನೋಡಿದಳು. ಬೆರಳುಗಳ ಚರ್ಮ ಸೋಪಿನಿಂದ ಬೆಳ್ಳಗಾಗಿ ಬಿರುಕು ಬಿಟ್ಟಿತ್ತು.

ಒಳಗಿನ ಕೋಣೆಯಿಂದ ಮಗಳು ರೇಗಿದಳು: "ಅಮ್ಮಾ, ಸಾಕು ಬಿಡೇ! ಕೆಲಸ ಬಿಟ್ಟಾಗಿನಿಂದ ಇದೇ ಆಯ್ತು ನಿಂದು. ಲೋಟ ಸವೆದುಹೋಗುತ್ತೆ."

ಮೇಡಂ ಎದ್ದು ಹೋಗಿ ಆ ಕೈ ಹಿಡಿದುಕೊಂಡರು. "ಚೊಕ್ಕವಾಗಿದೆ ಚೊಕ್ಕಮ್ಮ. ನಾನು ಹೇಳ್ತಿದೀನಲ್ಲ, ಚೊಕ್ಕವಾಗಿದೆ."

ಚೊಕ್ಕಮ್ಮ ನಕ್ಕಳು. ಮೆಲ್ಲಗೆ ಕೈ ಬಿಡಿಸಿಕೊಂಡು ನಲ್ಲಿ ತಿರುಗಿಸಿದಳು.

"ಇನ್ನೊಂದೇ ಸಲ ಮೇಡಂ," ಎಂದಳು.